ಕೊಲ್ಲುವ ಕಂಬಗಳನ್ನು ಹುಡುಕಿದವರು

ಅವರ ಜೊತೆ ಮಾತಾಡುವುದೆಂದರೆ ಅವರ ಗದ್ದದ ಜೊತೆ ಮಾತಾಡಿದ ಹಾಗೆ. ಎದುರಿಗಿದ್ದವರ ಮುಖವನ್ನು ಅವರು ನೋಡಿದ್ದು ಕಡಿಮೆ. ಕಣ್ಣು ಸದಾ ಮೇಲೆ, ಯಾವುದಾದರೂ ಕಂಬದ ತುದಿಯಲ್ಲಿ. ಸವದತ್ತಿಯ ಪೇಟೆಯಲ್ಲಿ ಹಾಗೆ ಮೇಲೆ ನೋಡುತ್ತ ನಡೆದು ಒಮ್ಮೆ ಬಾಳೆಹಣ್ಣಿನ ಗಾಡಿಗೆ ಡಿಕ್ಕಿ ಹೊಡೆದಿದ್ದರು. ಗಾಡಿಯವಳ ಬೈಗುಳ ಮುಗಿಯುವವರೆಗೂ ನಿಂತು ಕೇಳಿ, "ನಿಮ್ಮ ತಲಿ ಮ್ಯಾಲಿನ ವೈರ್ ಸಡ್ಲ ಆಗೇತಿ ಅಕ್ಕಾರ, ಗಾಡಿ ಸ್ವಲ್ಪ ಆ ಕಡೆ ಹಚ್ಚರಿ" ಎಂದು ಹೇಳಿ ಮುಂದೆ ಹೋಗಿದ್ದರು. ಸಂಜೆಯೊಳಗೆ ಆ ವೈರು ಬಿಗಿಯಾಗಿತ್ತು.

ಅವರು ಲೈನ್‌ಮ್ಯಾನ್. ನಾನು ಸವದತ್ತಿಯಿಂದ ರಾಮದುರ್ಗದ ಕಡೆ ಹೋಗುವ ರಸ್ತೆಯ ಪಕ್ಕದ ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್. ಹಳ್ಳಿಗಳಿಗೆ ಕರೆಂಟು ಬಿಡುವುದು, ತೆಗೆಯುವುದು, ಗಂಟೆಗೊಮ್ಮೆ ಮೀಟರು ನೋಡಿ ಲಾಗ್‌ಬುಕ್ಕಿನಲ್ಲಿ ಬರೆಯುವುದು ನನ್ನ ಕೆಲಸ. ತೊಂಬತ್ತರ ದಶಕದ ಮೊದಲ ವರ್ಷಗಳವು. ನಮ್ಮ ತಂದೆ ಪೌರೋಹಿತ್ಯ ಮಾಡಿಕೊಂಡಿದ್ದವರು; ನಾನು ಪಂಚಾಂಗ ಬಿಟ್ಟು ಸ್ವಿಚ್ಚು ಹಿಡಿದಿದ್ದೆ. ಅದಕ್ಕೇ ಅವರು ನನ್ನನ್ನು "ಆಚಾರ್ರ" ಎಂದು ಕರೆಯುತ್ತಿದ್ದರು, ಅರ್ಧ ಮರ್ಯಾದೆ, ಅರ್ಧ ತಮಾಷೆ. ನಾವೆಲ್ಲ ಅವರಿಗೆ ಚಾಚಾ ಎನ್ನುತ್ತಿದ್ದೆವು.

ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಒಮ್ಮೆ ಪತ್ರಿಕೆಯವನೊಬ್ಬ ನಾನೀಗ ಹೇಳಹೊರಟಿರುವ ಹದ್ದಿನ ಸುದ್ದಿ ಕೇಳಿಕೊಂಡು ಬಂದಾಗ ಚಾಚಾ ಎಲ್ಲವನ್ನೂ ಹೇಳಿ ಕೊನೆಗೆ ಅವನ ಪೆನ್ನಿನ ಮೇಲೆ ಕೈ ಇಟ್ಟಿದ್ದರು. "ಹೆಸರ ಹಾಕಬ್ಯಾಡ್ರಿ. ಹೆಸರ ಬಂತಂದ್ರ ಮಂದಿ ನನ್ನ ನೋಡತಾರ, ಕಂಬ ನೋಡೂದಿಲ್ಲ." ಆ ಸುದ್ದಿ ಅಚ್ಚಾಗಲಿಲ್ಲ. ಹೆಸರಿಲ್ಲದ ಸುದ್ದಿ ಯಾರಿಗೆ ಬೇಕು?

ಅವರು ಕೂತದ್ದನ್ನು ನಾನು ನೋಡಿದ್ದು ಎರಡು ಮೂರು ಸಲ. ಚಹಾ ನಿಂತೇ, ಅದೂ ಅರ್ಧ ಲೋಟ. ಮುಗಿಯುವ ಮೊದಲೇ ಮೊಪೆಡ್ಡಿನ ಕೀಲಿ ಕೈಯಲ್ಲಿ ತಿರುಗುತ್ತಿತ್ತು. ಎಡಗೈಯಲ್ಲಿ ಕಿರುಬೆರಳು, ಅದರ ಪಕ್ಕದ್ದು ಎರಡೂ ಇರಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕರೆಂಟು ಹೊಡೆದು ಹೋದದ್ದು. ಅದರ ಬಗ್ಗೆ ಕೇಳಿದರೆ "ಬ್ಯಾರೆಯವರ ತಪ್ಪಲ್ರಿ, ನಾನ ಅವಸರ ಮಾಡಿದ್ನಿ" ಎನ್ನುತ್ತಿದ್ದರು. ಅವಸರವೇನೂ ಆಮೇಲೆ ಕಡಿಮೆಯಾಗಿರಲಿಲ್ಲ. ಕಂಬದ ಮೇಲೆ ಮಾತ್ರ ಅವರಷ್ಟು ನಿಧಾನದ ಮನುಷ್ಯನನ್ನು ನಾನು ಕಂಡಿಲ್ಲ.

ನಾನು ಸೇರಿದ ವರ್ಷವೇ ಒಂದು ಮುಂಜಾನೆ ಉಗರಗೋಳದ ಕಡೆಯ ಲೈನು ಟ್ರಿಪ್ಪಾಯಿತು. ಅಂದರೆ ಎಲ್ಲೋ ತೊಂದರೆಯಾಗಿ ಕರೆಂಟು ತಾನೇ ನಿಂತಿತು. ಚಾಚಾ ತೊಂದರೆ ಹುಡುಕುತ್ತ ಲೈನಿನ ಗುಂಟ ಹೋದರು. ಒಂದು ತಾಸಿಗೆ ಗೋಣಿಚೀಲ ಹಿಡಿದು ಬಂದು, ನನ್ನ ಲಾಗ್‌ಬುಕ್ಕಿನ ಮೇಲೆಯೇ ಅದನ್ನು ಬಿಚ್ಚಿದರು. ಒಳಗೆ ಒಂದು ದೊಡ್ಡ ಕಂದು ಹದ್ದು. ರೆಕ್ಕೆ ಮೇಜಿನ ಎರಡೂ ಬದಿಗೆ ಇಳಿಬಿತ್ತು. ಒಂದು ಕಾಲು ಸುಟ್ಟು ಕರಿಯಾಗಿತ್ತು, ರೆಕ್ಕೆಯ ಮಡಿಕೆಯಲ್ಲಿ ಬೊಟ್ಟಿನಷ್ಟು ತೂತು. ಕಣ್ಣು ತೆರೆದೇ ಇತ್ತು.

"ಈಗ ಬರೀರಿ" ಎಂದರು.

ಕಾರಣದ ಕಾಲಮ್ಮಿನಲ್ಲಿ ನಮ್ಮಲ್ಲಿ ಎಲ್ಲರೂ ಬರೆಯುವಂತೆ 'ಬರ್ಡ್ ಫಾಲ್ಟ್' ಎಂದು ಬರೆದೆ. ಅವರು ಬಗ್ಗಿ ಓದಿದರು.

"ಫಾಲ್ಟ್ ಅಂದ್ರ ತಪ್ಪು ಹೌದಿಲ್ರಿ? ಇದರದೇನ ತಪ್ಪು? ಈ ಬಯಲಾಗ ಗಿಡ ಕಡದವರ ಯಾರು, ಕಂಬ ನಿಂದ್ರಿಸಿದವರ ಯಾರು? ಕುಂದ್ರಾಕ ಎತ್ತರದ ಜಾಗಾ ಬೇಕು, ಬಂದ ಕುಂತತಿ."

ಇಲಾಖೆಯ ಪದ ಅದು, ಚಾಚಾ, ಎಂದು ನಾನು ಸಮಾಧಾನ ಹೇಳಿದೆ. ಅವರು ಚೀಲ ಕಟ್ಟಿಕೊಂಡು ಹೋದರು. ಮುಂದೆ ಬಹಳ ದಿನ ಆ ಪದ ಬರೆಯುವಾಗ ನನ್ನ ಕೈ ಒಂದು ಕ್ಷಣ ತಡೆಯುತ್ತಿತ್ತು. ಆದರೂ ಬರೆಯುತ್ತಿದ್ದೆ.

ಆ ಹದ್ದಿಗೆ ಜೋಡಿ ಇತ್ತು ಎಂದು ಕುರಿಯವರೊಬ್ಬರು ಚಾಚಾನಿಗೆ ಹೇಳಿದರಂತೆ. ಊರ ದನ ಮೇಯುವ ಗಾಯರಾಣದ ಒಂಟಿ ಜಾಲಿಗಿಡದಲ್ಲಿ ಅವುಗಳ ಗೂಡು. ಉಳಿದದ್ದು ಈಗ ದಿನಾ ಬಂದು ಅದೇ ಕಂಬದ ಮೇಲೆ ಕೂರುತ್ತಿದೆಯಂತೆ. ಅದನ್ನು ಕೇಳಿದ ಮೇಲೆ ಚಾಚಾ ನಿಲ್ಲಲಾರದವರಾದರು. ದಿನಾ ಬೆಳಕು ಹರಿಯುವ ಹೊತ್ತಿಗೆ, ಡ್ಯೂಟಿಗೂ ಮೊದಲು, ಮೊಪೆಡ್ ಹತ್ತಿ ಆ ಕಂಬದ ಬುಡಕ್ಕೆ ಹೋಗುತ್ತಿದ್ದರು. ಅದು ಹಳೆಯ ರೈಲು ಹಳಿಯಿಂದ ಮಾಡಿದ ಕಂಬ. ಬೋಲ್ಟು ಬಿಗಿಯುವ ಪಾನಾದಿಂದ ಅದನ್ನು ಬಡಿದು ಬಡಿದು ಹದ್ದನ್ನು ಎಬ್ಬಿಸುವುದು. ಅದು ಒಂದು ಸುತ್ತು ಹಾರಿ ಮತ್ತೆ ಬರುವುದು. ಇವರು ಮತ್ತೆ ಬಡಿಯುವುದು. ದೇವಿಯ ಗುಡ್ಡಕ್ಕೆ ನಡೆದು ಹೋಗುವ ಯಾತ್ರಿಕರು ನಿಂತು ನೋಡುತ್ತಿದ್ದರಂತೆ. ಕರೆಂಟು ಹೊಡೆದು ಚಾಚಾನ ತಲೆ ಕೆಟ್ಟಿದೆ ಎಂದು ಊರಲ್ಲಿ ಸುದ್ದಿಯಾಯಿತು.

ಒಂದು ವಾರವೋ ಹತ್ತು ದಿನವೋ ನಡೆಯಿತು. ಒಂದು ಬೆಳಿಗ್ಗೆ ಬಂದವರು ಕುರ್ಚಿ ಎಳೆದು ಕೂತರು. ನನಗೆ ಗಾಬರಿಯಾಯಿತು.

"ಏನಾತು ಚಾಚಾ?"

"ಹೋತು. ಎರಡ ದಿನಾ ಆತು, ಬರವಲ್ದು. ಗುಡ್ಡದ ಕಡೆ ಹೋತಂತ ಕುರಿಯವ ಹೇಳಿದ." ಚಹಾ ಪೂರ್ತಿ ಕುಡಿದರು. ಲೋಟ ಇಟ್ಟವರೇ ಎದ್ದರು. "ಇದ ಹೋತು. ನಾಳಿ ಬ್ಯಾರೇದ ಬರತೈತಿ. ನಾ ಎಷ್ಟ ಕಂಬ ಬಡೀಲಿ ಆಚಾರ್ರ?"

ಧಾರವಾಡದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ನಮ್ಮ ಭಾವ ದೀಪಾವಳಿಗೆ ಬಂದಾಗ ಮೊದಲ ಹದ್ದಿನಿಂದ ನನ್ನ ಮೇಜಿನ ಮೇಲೆ ಉಳಿದಿದ್ದ ಒಂದು ಗರಿ ತೋರಿಸಿದೆ. ಅದು ಒಣಬಯಲಿನ ಹದ್ದು, ಈಗೀಗ ಬಹಳ ಕಡಿಮೆಯಾಗುತ್ತಿದೆ, ವರ್ಷಕ್ಕೆ ಒಂದೇ ಮರಿ ಬದುಕಿದರೆ ದೊಡ್ಡದು ಎಂದರು. ನಾನು ಅದನ್ನು ಚಾಚಾನಿಗೆ ಹೇಳಬಾರದಿತ್ತೋ ಏನೋ. ಅವತ್ತಿನಿಂದ ಅವರಿಗೆ ರಜೆಯೆಂಬುದು ಇಲ್ಲವಾಯಿತು. ಲೈನಿನುದ್ದಕ್ಕೂ ನಡೆದರು. ಪ್ರತಿ ಕಂಬದ ಬುಡದಲ್ಲಿ ಗರಿ, ಎಲುಬು ಹುಡುಕಿದರು. ಕೊನೆಗೆ ಒಂದು ಮಧ್ಯಾಹ್ನ ಬಂದು, ನಾನು ಊಟಕ್ಕೆ ಬಿಚ್ಚಿದ ಬುತ್ತಿಯ ಪಕ್ಕದಲ್ಲಿ ಸೀಮೆಸುಣ್ಣದಿಂದ ಮೇಜಿನ ಮೇಲೆ ಕಂಬ ಬರೆದರು.

"ಎಲ್ಲಾ ಕಂಬ ಕೊಲ್ಲೂದಿಲ್ರಿ. ಕೊಲ್ಲೂ ಕಂಬ ಬ್ಯಾರೆ ಅದಾವ."

ಅವರು ತೋರಿಸಿದ ಮೇಲೆ ಇಷ್ಟು ವರ್ಷ ನಮಗ್ಯಾರಿಗೂ ಹೊಳೆಯಲಿಲ್ಲವಲ್ಲ ಅನಿಸಿತು. ಸಾಮಾನ್ಯ ಕಂಬದಲ್ಲಿ ತಂತಿ ಸುಮ್ಮನೆ ಹಾದುಹೋಗುತ್ತದೆ. ಕೆಲವು ಕಂಬಗಳಲ್ಲಿ ಮಾತ್ರ ಎರಡೂ ಕಡೆಯ ತಂತಿ ಬಂದು ನಿಲ್ಲುತ್ತದೆ. ಅವನ್ನು ಜೋಡಿಸಲು ಒಂದು ತುಂಡು ತಂತಿಯನ್ನು ಕಬ್ಬಿಣದ ಅಡ್ಡಪಟ್ಟಿಯ ಮೇಲಿಂದ ಬಾಗಿಸಿ ಕಟ್ಟಿರುತ್ತಾರೆ. ಅದಕ್ಕೆ ಜಂಪರ್ ಎನ್ನುತ್ತೇವೆ. ಗುಬ್ಬಿ, ಕಾಗೆ ಕೂತರೆ ಏನೂ ಆಗದು. ಹದ್ದು ಪಟ್ಟಿಯ ಮೇಲೆ ಕೂತು ಹಾರಲು ರೆಕ್ಕೆ ಬಿಚ್ಚಿತೋ, ರೆಕ್ಕೆ ಜಂಪರಿಗೆ ತಾಗುತ್ತದೆ. ಕಾಲು ಕಬ್ಬಿಣದ ಮೇಲೆ, ರೆಕ್ಕೆ ಕರೆಂಟಿನ ಮೇಲೆ. ಅಷ್ಟೇ. ಜಂಪರನ್ನು ಪಟ್ಟಿಯ ಕೆಳಗಿಂದ ತಂದು ಕಟ್ಟಿದರೆ ಹದ್ದು ಮೇಲೆ ಆರಾಮ ಕೂರಬಹುದು. ಒಂದು ಕಂಬಕ್ಕೆ ಅರ್ಧ ತಾಸಿನ ಕೆಲಸ.

ಚಾಚಾ ಇದನ್ನು ಆಗಿನ ನಮ್ಮ ಶಾಖಾಧಿಕಾರಿಗೆ ಹೇಳಿದರು. ಆ ಸಾಹೇಬರು ಕೆಟ್ಟವರಲ್ಲ. ಹಿಂದಿನ ವರ್ಷವಷ್ಟೇ ಅವರ ಕೈಕೆಳಗಿನ ಒಬ್ಬ ಲೈನ್‌ಮ್ಯಾನ್ ಕಂಬದ ಮೇಲೆ ಸತ್ತಿದ್ದ.

"ಮನಷ್ಯಾರ ಸಾಯಾಕತ್ತಾರ, ನೀ ಹದ್ದಿನ ಚಿಂತಿ ಹಚ್ಚಿಕೊಂಡಿ" ಎಂದರು.

"ಎರಡೂ ಅದ ಕಂಬದ ಮ್ಯಾಲ ಸಾಯಾಕತ್ತಾವ್ರಿ ಸಾಹೇಬ್ರ" ಎಂದರು ಚಾಚಾ.

ಪರವಾನಗಿ ಸಿಗಲಿಲ್ಲ.

ಆಮೇಲೆ ನಡೆದದ್ದರಲ್ಲಿ ನಾನೂ ಪಾಲುದಾರ. ಲೈನಿನ ಮೇಲೆ ಯಾರಾದರೂ ಕೆಲಸ ಮಾಡಬೇಕಾದರೆ ನಾವು ಕರೆಂಟು ತೆಗೆದು ಚೀಟಿ ಕೊಡುತ್ತೇವೆ. ಅದು ಲೈನ್ ಕ್ಲಿಯರ್. ಕೆಲಸ ಮುಗಿದು ಚೀಟಿ ತಿರುಗಿ ಬರುವವರೆಗೆ ಕರೆಂಟು ಬಿಡುವಂತಿಲ್ಲ. ಚಾಚಾ ಬೇರೆ ಯಾವ ಕೆಲಸಕ್ಕೆ ಲೈನ್ ಕ್ಲಿಯರ್ ತೆಗೆದುಕೊಂಡರೂ, ಅದು ಮುಗಿದ ಮೇಲೆ ಅರ್ಧ ತಾಸು ಹೆಚ್ಚು ಉಳಿದು ಒಂದು 'ಕೊಲ್ಲುವ ಕಂಬ'ದ ಜಂಪರ್ ಇಳಿಸಿ ಬರುತ್ತಿದ್ದರು. ಆ ಅರ್ಧ ತಾಸನ್ನು ನಾನು ಲಾಗ್‌ಬುಕ್ಕಿನಲ್ಲಿ ಮೊದಲಿನ ಕೆಲಸದ ಹೊಟ್ಟೆಗೇ ಹಾಕಿ ಮುಚ್ಚುತ್ತಿದ್ದೆ. ಪಂಪು ನಿಂತ ರೈತರು ಬಂದು ನನಗೆ ಬೈದು ಹೋಗುತ್ತಿದ್ದರು. ಹೀಗೆ ನಾಲ್ಕೈದು ವರ್ಷ. ಮುಂಜಾನೆಯ ಟ್ರಿಪ್ಪುಗಳು ಆ ಲೈನಿನಲ್ಲಿ ಕಡಿಮೆಯಾಗುತ್ತ ಬಂದವು. ಕಾರಣ ಗೊತ್ತಿದ್ದವರು ಇಬ್ಬರೇ.

ಮೂವರು ಎನ್ನಬೇಕು. ಚಾಚಿಗೂ ಗೊತ್ತಿತ್ತು. ಈದಿಗೆ ಮನೆಗೆ ಹೋದಾಗ ಶೀರ್‌ಖುರ್ಮಾದ ಬಟ್ಟಲು ನನ್ನ ಮುಂದಿಟ್ಟು, "ಇವರಿಗೆ ಮನ್ಯಾಗ ಏನ್ ಮುರದೈತಿ ಅಂತ ಕೇಳ್ರಿ, ಹೇಳಾಕ ಬರೂದಿಲ್ಲ. ಯಾ ಕಂಬದಾಗ ಏನ್ ಐತಿ ಕೇಳ್ರಿ, ನಿದ್ದಿಗಣ್ಣಾಗ ಹೇಳತಾರ" ಎಂದಿದ್ದರು. ಚಾಚಾ ಅಂಗಳದಲ್ಲಿ ನಿಂತು ಮಾಳಿಗೆಯ ಮೇಲಿನ ಸರ್ವಿಸ್ ವೈರು ನೋಡುತ್ತಿದ್ದರು.

ಕೊನೆಗೊಂದು ದಿನ ಲೈನ್ ಕ್ಲಿಯರ್ ಇದ್ದದ್ದು ಬೇರೊಬ್ಬ ಲೈನ್‌ಮ್ಯಾನನ ಹೆಸರಿಗೆ. ವಾಲಿದ ಕಂಬ ಬದಲಿಸುವ ಕೆಲಸ, ಆರು ಜನರ ಗುಂಪು, ಚಾಚಾನೂ ಅದರಲ್ಲಿ. ಮುಂಜಾನೆಯೇ ನನ್ನ ಕಿವಿಗೆ ಹಾಕಿದ್ದರು: "ಅವರದ ಮುಗದ ಮ್ಯಾಲ ನನಗ ಅರ್ಧಾ ತಾಸ ಬೇಕ್ರಿ. ಹಳ್ಳದ ದಂಡಿ ಕಂಬ." ನಾನು ತಲೆಯಾಡಿಸಿದ್ದೆ.

ನಾಲ್ಕು ಗಂಟೆಗೆ ಗುಂಪಿನವರು ಚೀಟಿ ತಿರುಗಿಸಿದರು. ಐದೇ ನಿಮಿಷಕ್ಕೆ ಶಾಖಾಧಿಕಾರಿಗಳ ಫೋನು. "ಕೆಲಸ ಮುಗದದ, ಇನ್ನೂ ಯಾಕ ಲೈನ್ ಬಿಟ್ಟಿಲ್ಲ?"

"ಸ್ವಲ್ಪ ತಡೀರಿ ಸರ್, ಬಿಡತೇನಿ."

"ಯಾಕ ತಡೀಬೇಕು? ಕಾರಣ ಹೇಳ್ರಿ."

ಕಾರಣ ಹೇಳುವಂತಿರಲಿಲ್ಲ. ಫೋನು ಇಟ್ಟೆ. ಗಡಿಯಾರ ನೋಡುತ್ತ ಅಡ್ಡಾಡಿದೆ. ಮತ್ತೆ ಫೋನು, ಈ ಸಲ ದನಿ ಏರಿತ್ತು. ಕುಡಿಯುವ ನೀರಿನ ಪಂಪಿನವರು ಅವರ ಎದುರೇ ಬಂದು ಕೂತಿದ್ದರಂತೆ. ಅರ್ಧ ತಾಸಿಗೆ ಇನ್ನೂ ನಾಲ್ಕೈದು ನಿಮಿಷ ಬಾಕಿ. ಚಾಚಾ ಇಷ್ಟೊತ್ತಿಗೆ ಇಳಿದಿರುತ್ತಾರೆ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಆಗ ನನಗೆ ಬೇಕಾಗಿತ್ತು. ಸ್ವಿಚ್ಚು ಹಾಕಿದೆ.

ಹಾಕಿದ ಮರುಗಳಿಗೆಯೇ ದಡ್ ಎಂದು ಟ್ರಿಪ್ಪಾಯಿತು.

ಆ ಸದ್ದಿನ ಅರ್ಥ ನನಗೆ ಗೊತ್ತಿತ್ತು. ಪಾಳಿ ಬಿಟ್ಟು ಹೋಗುವಂತಿಲ್ಲ. ಫೋನು ಮಾಡಲು ಅಲ್ಲಿ ಯಾರಿದ್ದಾರೆ? ಗೇಟಿನವರೆಗೆ ಓಡಿದೆ, ಒಳಗೆ ಓಡಿದೆ, ಮತ್ತೆ ಗೇಟಿಗೆ. ಪ್ರತಿ ಗಾಡಿಯ ಸದ್ದಿಗೂ ರಸ್ತೆಗಿಳಿದು ನೋಡಿದೆ. ಮುಕ್ಕಾಲು ತಾಸು ಅದು. ಚಾಚಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದೆ, ಜೋಡಿಸುತ್ತಿರುವುದಕ್ಕೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ಮೊಪೆಡ್ಡಿನ ಸದ್ದು ಕೇಳಿತು. ಚಾಚಾ. ಹುಬ್ಬು ಸುಟ್ಟಿತ್ತು. ಬಲಗೈ ಮೊಣಕೈಯವರೆಗೆ ಕೆಂಪಾಗಿ ಊದಿತ್ತು. ಬಂದವರು ಒಂದು ಸರಪಳಿಯನ್ನು ಮೇಜಿನ ಮೇಲಿಟ್ಟರು. ಕೆಲಸ ಮಾಡುವ ಕಂಬದಲ್ಲಿ ತಂತಿಯನ್ನು ನೆಲಕ್ಕೆ ಜೋಡಿಸುವ ಸರಪಳಿ ಅದು. ಅಕಸ್ಮಾತ್ ಕರೆಂಟು ಬಂದರೆ ಮನುಷ್ಯನನ್ನು ಬಿಟ್ಟು ಭೂಮಿಗೆ ಇಳಿಯಲೆಂದು. ಅವಸರದಲ್ಲಿ ಬಹಳ ಜನ ಅದನ್ನು ಹಾಕುವುದಿಲ್ಲ. ಚಾಚಾ ಹಾಕಿದ್ದರು. ಎರಡು ಕೊಂಡಿ ಕರಗಿ ಒಂದಾಗಿದ್ದವು.

ನಾನು ಅವರ ಕಾಲಿಗೆ ಬಗ್ಗಿದೆ. ಅವರು ಹಿಂದೆ ಸರಿದರು.

"ಲಾಗ್‌ಬುಕ್ಕಿನಾಗ ಏನ್ ಬರದೀರಿ?"

"ಇನ್ನೂ ಏನೂ ಬರದಿಲ್ಲ ಚಾಚಾ."

"ಖರೇ ಬರೀರಿ."

"ಬರದ್ರ ಇಬ್ಬರೂ ಹೋಗ್ತೇವಿ. ನಿಮಗ ಪರವಾನಗಿ ಇರಲಿಲ್ಲ. ನಾ ಕೇಳದ ಲೈನ್ ಬಿಟ್ಟೆ."

ಅವರು ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದರು. ಕಣ್ಣು ನೀರಾಡುತ್ತಿತ್ತು, ಬೆಂಕಿಯ ಝಳಕ್ಕೋ ಏನೋ. "ಸಾಹೇಬ್ರು ಕಾರಣ ಕೇಳಿದಾಗ ನಿಮಗ ಹೇಳಾಕ ಬರಲಿಲ್ಲ. ಅದಕ್ಕ ಸ್ವಿಚ್ ಹಾಕಿದ್ರಿ. ಹೌದಿಲ್ಲ? ಕದ್ದ ಮಾಡೂದು ಇವತ್ತಿಗೆ ಸಾಕ್ರಿ. ನನ್ನ ಹೆಂಡ್ತಿ ಮುಂದ ಹೋಗಿ ನೀವು ಏನ್ ಹೇಳವ್ರಿದ್ರಿ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಸಿದ್ಧವಾಗಿತ್ತು ಎಂದು ಅವರಿಗೆ ನಾನು ಎಂದೂ ಹೇಳಲಿಲ್ಲ.

ಎಲ್ಲವನ್ನೂ ಬರೆದೆ. ವರದಿ ನಾಲ್ಕು ಪುಟವಾಯಿತು. ನಾಲ್ಕೈದು ವರ್ಷದ ಅರ್ಧರ್ಧ ತಾಸು, ಜಂಪರು, ಹದ್ದು, ಎಲ್ಲ. ಇಬ್ಬರಿಗೂ ಮೆಮೊ ಬಂತು. ವಿಚಾರಣೆಗೆ ದೊಡ್ಡ ಎಂಜಿನಿಯರರು ಬಂದರು. ಅವರು ಗದರಿಸಿದ್ದು ಕಡಿಮೆ. ಹಳೆಯ ಲಾಗ್‌ಬುಕ್ಕುಗಳನ್ನೆಲ್ಲ ತರಿಸಿ ಬೆರಳಿಟ್ಟು ಓದಿದರು. ಟ್ರಿಪ್ಪು ಇಳಿದದ್ದು ಅಲ್ಲಿ ಎದ್ದು ಕಾಣುತ್ತಿತ್ತು. ಜೀಪಿನಲ್ಲಿ ಚಾಚಾನನ್ನು ಕೂರಿಸಿಕೊಂಡು ಹೋಗಿ ಕಂಬ ನೋಡಿ ಬಂದರು. ಕೊನೆಗೆ ಎರಡು ಆದೇಶ ಬಂದವು. ಒಂದರಲ್ಲಿ ನನಗೆ ಕಿತ್ತೂರಿಗೆ, ಚಾಚಾನಿಗೆ ರಾಮದುರ್ಗಕ್ಕೆ ವರ್ಗ. ಇನ್ನೊಂದರಲ್ಲಿ ಆ ಲೈನಿನ ಉಳಿದೆಲ್ಲ ಜಂಪರುಗಳನ್ನು ಪಟ್ಟಿಯ ಕೆಳಗೆ ಕಟ್ಟತಕ್ಕದ್ದು. ದೊಡ್ಡ ಸಾಹೇಬರಿಗೆ ಹದ್ದು ಬೇಕಾಗಿರಲಿಲ್ಲ, ಟ್ರಿಪ್ಪು ಬೇಡವಾಗಿತ್ತು. ಚಾಚಾ ಎರಡನೆಯ ಆದೇಶವನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು. ಮೊದಲನೆಯದನ್ನು ಕೇಳಲೂ ಇಲ್ಲ.

ನನ್ನನ್ನು ಅವರು ಸುಲಭಕ್ಕೆ ಕ್ಷಮಿಸಿದರು ಎಂದು ಬರೆದರೆ ಸುಳ್ಳಾಗುತ್ತದೆ. ಹೊರಡುವ ದಿನ ಮಾತಾಡಿಸಲಿಲ್ಲ. ಒಂದು ವರ್ಷ ಕಾಗದವಿಲ್ಲ, ಸುದ್ದಿಯಿಲ್ಲ. ಕಿತ್ತೂರಿನಲ್ಲಿ ಹೆದ್ದಾರಿಯ ಲಾರಿಗಳ ಸದ್ದಿಗೆ ಎಚ್ಚರವಾದಾಗಲೆಲ್ಲ ನನಗೆ ಆ ದಡ್ ಎಂಬುದೇ ಕೇಳುತ್ತಿತ್ತು. ಆಮೇಲೆ ಒಂದು ದಿನ ಆಫೀಸಿನ ಫೋನಿನಲ್ಲಿ ಅವರ ದನಿ, ಕ್ಷೇಮ ಸಮಾಚಾರವೇನೂ ಇಲ್ಲದೆ: "ಆಚಾರ್ರ, ಕಿತ್ತೂರ ಕಡೆ ಹದ್ದ ಅದಾವೇನ್ರಿ?" ಅಂದು ನಾನು ಬಾತ್‌ರೂಮಿಗೆ ಹೋಗಿ ಅತ್ತೆ.

ಅವರು ರಾಮದುರ್ಗದಲ್ಲೇ ನಿವೃತ್ತರಾದರು. ನಾನು ಅಷ್ಟರಲ್ಲಿ ಬಡ್ತಿ ಪಡೆದು ಬೈಲಹೊಂಗಲದ ಒಂದು ಶಾಖೆ ನೋಡಿಕೊಳ್ಳುತ್ತಿದ್ದೆ. ನಿವೃತ್ತಿಯ ನಂತರ ಚಾಚಾನಿಗೆ ಕಂಬ ಹತ್ತುವ ಹಕ್ಕು ಹೋಯಿತು, ಕಾಲು ಮಾತ್ರ ನಿಲ್ಲಲಿಲ್ಲ. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತು ಲೈನು ನೋಡುತ್ತ ಹೋಗುವುದು, ಅನುಮಾನ ಬಂದಲ್ಲಿ ನಡುದಾರಿಯಲ್ಲೇ ಇಳಿದುಬಿಡುವುದು. ಹೊಸ ಕಂಬ ನೆಡುವ ಗುತ್ತಿಗೆದಾರರ ಆಳುಗಳ ಹತ್ತಿರ ನಿಂತು ಹೇಳುವುದು. ಕೆಲವರು ಕೇಳುತ್ತಿದ್ದರು. ಕೆಲವರು, ಮುದುಕಾ ದಾರಿ ಬಿಡು, ಎನ್ನುತ್ತಿದ್ದರು. ಆಮೇಲೆ ನಾಣ್ಯದ ಫೋನಿನಿಂದ ನನಗೆ ವರದಿ. ಮಾತು ಮುಗಿಯುವ ಮೊದಲೇ ಫೋನು ಕಟ್ಟಾಗುತ್ತಿತ್ತು.

ಕೊನೆಯ ಫೋನು ಬಂದದ್ದು ಬೇಸಿಗೆಯ ಒಂದು ಮಂಗಳವಾರ.

"ನಿಮ್ಮ ಶಾಖಾದಾಗ ಹೊಸಾ ಲೈನ್ ಎಳದಾರಂತ. ಬಸ್ಸಿನ ಡ್ರೈವರ್ ಹೇಳಿದ. ಜಂಪರ್ ಎಲ್ಲಾ ಮ್ಯಾಲ ಕಟ್ಟ್ಯಾರಂತ. ಹೋಗಿ ನೋಡಿದ್ರೇನ?"

"ನಾಳೆ ಹೋಗ್ತೇನಿ ಚಾಚಾ."

"ನೋಡಿ ಫೋನ್ ಮಾಡ್ರಿ. ಬಾಜೂ ಕಿರಾಣಿ ಅಂಗಡಿಗೆ ಮಾಡಿದ್ರ ಕರೀತಾ..." ಅಷ್ಟಕ್ಕೆ ಕಟ್ಟಾಯಿತು.

ಬುಧವಾರ ಮೀಟಿಂಗು. ಗುರುವಾರ ಒಂದು ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಶುಕ್ರವಾರ ಮುಂಜಾನೆ ಫೋನು ಬಂತು: ಚಾಚಾ ಹೋದರು. ಎದೆನೋವು, ಆಸ್ಪತ್ರೆ ಮುಟ್ಟಲಿಲ್ಲ.

ರಾಮದುರ್ಗಕ್ಕೆ ಹೋದೆ. ಮಣ್ಣು ಮುಗಿಸಿ ಬಂದ ಮೇಲೆ ಚಾಚಿ ನನ್ನನ್ನು ಗುರುತು ಹಿಡಿದು ಪಡಸಾಲೆಗೆ ಕರೆದರು. ಅತ್ತು ಅತ್ತು ದನಿ ಒಡೆದಿತ್ತು. "ಬೈಲಹೊಂಗಲದ ಫೋನ್ ಬಂತೇನ ಅಂತ ನಿನ್ನೆ ಮೂರ ಸಲಾ ಅಂಗಡಿಗೆ ಹೋಗಿ ಕೇಳಿ ಬಂದ್ರು. ಏನರ ಅರ್ಜೆಂಟ್ ಇತ್ತೇನ್ರಿ?"

ನನಗೆ ಅಲ್ಲಿ ಕೂರಲಾಗಲಿಲ್ಲ.

ಶನಿವಾರ ಬೆಳಿಗ್ಗೆ ಆ ಹೊಸ ಲೈನಿಗೆ ಹೋದೆ. ಮೊದಲೆರಡು ಕಂಬದ ಬುಡ ಖಾಲಿ. ಮೂರನೆಯದರ ಬುಡದಲ್ಲಿ, ಹೆಂಟೆಗಳ ನಡುವೆ, ಹದ್ದೊಂದು ರೆಕ್ಕೆ ಹರಡಿಕೊಂಡು ಬಿದ್ದಿತ್ತು. ಇರುವೆ ಮುತ್ತಿದ್ದವು. ಸೋಮವಾರ ಸತ್ತದ್ದೋ, ಗುರುವಾರ ಸತ್ತದ್ದೋ ನನಗೆ ತಿಳಿಯಲಿಲ್ಲ. ಬಹಳ ಹೊತ್ತು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ತಿಳಿಯಲು ನೋಡಿದೆ. ಸೋಮವಾರವಾಗಿದ್ದರೆ, ಅಂದರೆ ಚಾಚಾನ ಫೋನಿಗೂ ಮೊದಲೇ ಆಗಿದ್ದರೆ, ನಾನು ಬದುಕಿಕೊಂಡೆ. ಈಗಲೂ ಆ ಲೆಕ್ಕ ನನ್ನ ತಲೆಯಿಂದ ಹೋಗಿಲ್ಲ.

ಆಫೀಸಿಗೆ ಬಂದು ನನ್ನ ಸಹಿಯಿಂದಲೇ ಲೈನ್ ಕ್ಲಿಯರ್ ಬರೆದೆ. ಕಾರಣದ ಜಾಗದಲ್ಲಿ 'ಹಕ್ಕಿಗಳು ಸಾಯದಂತೆ ಜಂಪರ್ ಇಳಿಸುವುದು' ಎಂದು ಬರೆದು, ಗುತ್ತಿಗೆದಾರನಿಗೂ ಮೇಲಿನವರಿಗೂ ಒಂದೊಂದು ಪ್ರತಿ ಕಳಿಸಿದೆ. ನಮ್ಮ ಶಾಖೆಯ ಲೈನ್‌ಮ್ಯಾನ್, ನಲವತ್ತು ದಾಟಿದ ಮಿತಭಾಷಿ, ಏನೂ ಕೇಳದೆ ಕಂಬ ಏರಿದ. ಮಧ್ಯಾಹ್ನದ ಬಿಸಿಲಿಗೆ ಪಟ್ಟಿ ಮುಟ್ಟಲಾಗುತ್ತಿರಲಿಲ್ಲ. ಬೆಳಕು ಇಳಿಯುವ ಹೊತ್ತಿಗೆ ಆರು ಕಂಬ ಮುಗಿದವು, ಐದು ಉಳಿದವು.

"ನಾಳಿ ಐತವಾರ, ಸೂಟಿ ಐತ್ರಿ" ಎಂದ ಅವನು, ಕೈಯ ಗ್ರೀಸು ಒರೆಸಿಕೊಳ್ಳುತ್ತ. "ಉಳದದ್ದ ಸೋಮವಾರ ಮಾಡೋಣೇನ್ರಿ?"

"ನಾ ನಾಳೆ ಬರ್ತೇನಿ. ನೀವು ಬರ್ರಿ ಅಂತ ಹೇಳೂದಿಲ್ಲ" ಎಂದೆ.

ಮರುದಿನ ಏಳಕ್ಕೆ ನಾನು ಹೋದಾಗ ಅವನು ನನಗಿಂತ ಮೊದಲೇ ಬಂದು, ಬೆಲ್ಟು ಸೊಂಟಕ್ಕೆ ಕಟ್ಟಿಕೊಂಡು ಏಳನೆಯ ಕಂಬದ ಬಳಿ ನಿಂತಿದ್ದ.

"ಲೈನ್ ಕ್ಲಿಯರ್ ತಗೊಂಡೀರೇನ್ರಿ ಸಾಹೇಬ್ರ?"

ಚೀಟಿ ಕೊಟ್ಟೆ. ಅವನು ಅದನ್ನು ಓದಿ, ಮಡಚಿ ಕಿಸೆಯಲ್ಲಿಟ್ಟುಕೊಂಡು, ಏರತೊಡಗಿದ.